ಅಳಿವೆಯ ನೀರು, ಧ್ರುವದ ಮಂಜುಗಡ್ಡೆ: ಕುಂಬಳೆ ಕರಾವಳಿಯ ಒಂದು ಶಾಲಾ ಪ್ರಯೋಗದ ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ ವಿಜ್ಞಾನ ಕ್ಲಬ್ಬು ಉಪಜಿಲ್ಲಾ ಮೇಳಕ್ಕಾಗಿ ಕಡಲ ಮಂಜುಗಡ್ಡೆಯನ್ನು ತಯಾರಿಸಲು ಹೊರಟಿತು. ಮೇಳಗಳಲ್ಲಿ ಅಂಟಾರ್ಕ್ಟಿಕ ಎಂದರೆ ಸಾಮಾನ್ಯವಾಗಿ ತರ್ಮಕೋಲಿನ ಗುಡ್ಡ, ಹತ್ತಿಯ ಹಿಮ, ಪ್ಲಾಸ್ಟಿಕ್ ಪೆಂಗ್ವಿನ್. ಈ ಮಕ್ಕಳು ಅದನ್ನೆಲ್ಲ ಬಿಟ್ಟು ಒಂದೇ ಪ್ರಶ್ನೆಯನ್ನು ಹಿಡಿದರು: ಉಪ್ಪುನೀರು ಹೆಪ್ಪುಗಟ್ಟುವಾಗ ಅದರೊಳಗಿನ ಉಪ್ಪು ಎಲ್ಲಿಗೆ ಹೋಗುತ್ತದೆ? ಧ್ರುವ ಪ್ರದೇಶದ ಬಗ್ಗೆ ಶಾಲೆಯ ಮಟ್ಟದಲ್ಲಿ ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಹಡಗುಗಳು ಮಂಜಿನಲ್ಲಿ ಸಿಕ್ಕಿಬಿದ್ದ ಚರಿತ್ರೆ, ಅನ್ವೇಷಕರ ಕುಡಿಯುವ ನೀರು, ಮಂಜುಗಡ್ಡೆಯೊಳಗಿನ ಜೀವಿಗಳು, ಮಹಾಸಾಗರದ ತಳದ ಪ್ರವಾಹ ಎಲ್ಲವೂ ಈ ಒಂದು ಪ್ರಶ್ನೆಗೆ ಬಂದು ಸೇರುತ್ತವೆ.

ಪ್ರಯೋಗ ಮೊದಲ ಎರಡು ಸಲ ಕೆಟ್ಟಿತು, ಮೂರನೆಯ ಸಲ ಅರ್ಧ ಸರಿಹೋಯಿತು, ನಾಲ್ಕನೆಯ ಸಲ ಕೈಗೆ ಬಂತು. ಪ್ರತಿ ಸಲ ಕೆಟ್ಟದ್ದಕ್ಕೂ ಒಂದೊಂದು ಭೌತಿಕ ಕಾರಣವಿತ್ತು. ಅದೇ ಕಾರಣಗಳು ಅಂಟಾರ್ಕ್ಟಿಕದ ವೆಡೆಲ್ ಸಮುದ್ರದಲ್ಲೂ ಆರ್ಕ್ಟಿಕ್‌ನಲ್ಲೂ ಕೆಲಸ ಮಾಡುತ್ತಿರುವುದರಿಂದ ಇಡೀ ಪ್ರಕರಣವನ್ನು ಇಲ್ಲಿ ಬಿಡಿಸಿ ಬರೆದಿದೆ.

ಮೊದಲ ಯತ್ನ: ಬಾಟಲಿಯ ಮಂಜುಗಡ್ಡೆ

ಮೊದಲು ಮಾಡಿದ್ದು ಯಾರಿಗಾದರೂ ಹೊಳೆಯುವಂಥದ್ದೇ. ಎರಡು ಲೀಟರಿನ ತಂಪುಪಾನೀಯದ ಬಾಟಲಿಗೆ ಕಡಲ ನೀರು ತುಂಬಿ, ಮುಚ್ಚಳ ಬಿಗಿದು, ಐಸ್‌ಕ್ರೀಂ ಇಡುವ ಡೀಪ್ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟರು. ಫ್ರೀಜರಿನ ಒಳಗಿನ ಉಷ್ಣತೆ ಮೈನಸ್ 18 ಡಿಗ್ರಿ. ಬೆಳಿಗ್ಗೆ ಬಾಟಲಿ ಉಬ್ಬಿ ತಳ ಹೊರಕ್ಕೆ ಚಾಚಿತ್ತು. ಪ್ಲಾಸ್ಟಿಕ್ ಸೀಳಿ ತೆಗೆದಾಗ ಹೊರಪದರ ಗಟ್ಟಿ, ನಡುವೆ ಮಾತ್ರ ಬಿಳಿ ಕೆಸರಿನಂಥ ಮೆತ್ತನೆಯ ಭಾಗ. ಎಲ್ಲವನ್ನೂ ಕರಗಿಸಿ ಅಳೆದಾಗ ಲವಣಾಂಶ ಮೂಲ ನೀರಿನಷ್ಟೇ ಬಂತು. ‘ಕಡಲ ಮಂಜುಗಡ್ಡೆಗೂ ಕಡಲಿನಷ್ಟೇ ಉಪ್ಪು’ ಎಂದು ಮಕ್ಕಳು ದಾಖಲೆ ಪುಸ್ತಕದಲ್ಲಿ ಬರೆದರು. ಅಳತೆ ಸರಿಯಾಗಿಯೇ ಇತ್ತು, ತೀರ್ಮಾನ ತಪ್ಪಾಗಿತ್ತು.

ಮೀನು ಬಂದರಿನ ಐಸ್ ಪ್ಲಾಂಟಿನಲ್ಲಿ ಕ್ಯಾನಿನಿಂದ ಹೊರಬಂದ ಗಡ್ಡೆಯನ್ನು ನೋಡಿದವರಿಗೆ ಇದು ಹೊಸತಲ್ಲ. ಅಂಚು ಗಾಜಿನಂತೆ ತಿಳಿ, ನಡುವೆ ಉದ್ದಕ್ಕೂ ಒಂದು ಬಿಳಿಯ ತಿರುಳು. ಕ್ಯಾನಿನ ನಾಲ್ಕೂ ಬದಿಯಿಂದ ಶಾಖ ಹೊರಗೆಳೆಯುವುದರಿಂದ ಮಂಜು ಹೊರಗಿನಿಂದ ಒಳಗೆ ಬೆಳೆಯುತ್ತದೆ, ನೀರಿನಲ್ಲಿ ಕರಗಿದ್ದ ಗಾಳಿಯನ್ನೂ ಲವಣವನ್ನೂ ಮುಂದೆ ಮುಂದೆ ತಳ್ಳುತ್ತದೆ, ಕೊನೆಗೆ ಅವಕ್ಕೆ ಹೋಗಲು ಜಾಗವಿಲ್ಲದೆ ನಡುವೆ ಸಿಕ್ಕಿಕೊಳ್ಳುತ್ತವೆ. ಬಾಟಲಿಯಲ್ಲಿ ಆದದ್ದೂ ಅದೇ. ಮಂಜುಗಡ್ಡೆಯ ಹರಳು ಉಪ್ಪನ್ನು ತನ್ನ ಜಾಲರಿಯೊಳಗೆ ಸೇರಿಸಿಕೊಳ್ಳುವುದಿಲ್ಲ, ಹೊರಗೆ ಹಾಕುತ್ತದೆ. ಆದರೆ ಬಾಟಲಿಯಲ್ಲಿ ‘ಹೊರಗೆ’ ಎಂಬುದೇ ಇರಲಿಲ್ಲ.

ನಡುವಿನ ಆ ಕೆಸರು ಮೈನಸ್ 18ರಲ್ಲೂ ಏಕೆ ಗಟ್ಟಿಯಾಗಲಿಲ್ಲ ಎಂಬುದಕ್ಕೂ ಉತ್ತರವಿದೆ. ನೀರು ಮಂಜಾದಂತೆ ಉಳಿದ ದ್ರವ ಹೆಚ್ಚು ಹೆಚ್ಚು ಉಪ್ಪಾಗುತ್ತದೆ, ಅದರ ಹೆಪ್ಪುಬಿಂದು ಕೆಳಗಿಳಿಯುತ್ತ ಹೋಗುತ್ತದೆ. ಅಡುಗೆ ಉಪ್ಪಿನ ದ್ರಾವಣ ಪೂರ್ತಿ ಗಟ್ಟಿಯಾಗಲು ಮೈನಸ್ 21.1 ಡಿಗ್ರಿ ಬೇಕು. ಕಡಲ ನೀರಿನಲ್ಲಿ ಸೋಡಿಯಂ ಕ್ಲೋರೈಡಿನ ಹರಳು ಬೀಳಲು ಶುರುವಾಗುವುದೇ ಸುಮಾರು ಮೈನಸ್ 23ರಲ್ಲಿ. ಹಾಗಾಗಿ ಮನೆಯ ಅಥವಾ ಅಂಗಡಿಯ ಫ್ರೀಜರಿನಲ್ಲಿ ಕಡಲ ನೀರು ಎಂದೂ ಪೂರ್ಣವಾಗಿ ಹೆಪ್ಪುಗಟ್ಟುವುದಿಲ್ಲ. ಮೈನಸ್ 18ರಲ್ಲಿ ಅದರ ಏಳನೆಯ ಒಂದು ಭಾಗದಷ್ಟು ಗಾಢ ಉಪ್ಪುನೀರಾಗಿಯೇ ಉಳಿದಿರುತ್ತದೆ. ಈ ಗಾಢ ಉಪ್ಪುನೀರನ್ನು ಐಸ್ ಪ್ಲಾಂಟಿನವರು ಹೇಳುವ ಹಾಗೆ ಬ್ರೈನ್ ಎಂದೇ ಕರೆಯೋಣ.

ಧ್ರುವದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಚಳಿ ಇರುವುದು ಮೇಲಿನ ಗಾಳಿಯಲ್ಲಿ ಮಾತ್ರ. ಕೆಳಗೆ ನೂರಾರು, ಸಾವಿರಾರು ಮೀಟರ್ ಆಳದ ನೀರು. ಮಂಜು ಮೇಲಿನಿಂದ ಕೆಳಗೆ ಮಾತ್ರ ಬೆಳೆಯುತ್ತದೆ, ಹೊರದೂಡಿದ ಬ್ರೈನ್ ಸುತ್ತಲಿನ ನೀರಿಗಿಂತ ಭಾರವಾದ್ದರಿಂದ ಆಳಕ್ಕೆ ಇಳಿದುಹೋಗುತ್ತದೆ. ಇದನ್ನು ತೋರಿಸಬೇಕಾದರೆ ಪಾತ್ರೆಯಿಂದ ಶಾಖ ಮೇಲ್ಭಾಗದಿಂದ ಮಾತ್ರ ಹೊರಹೋಗಬೇಕು. ಮುಂದಿನ ಇಡೀ ಕೆಲಸ ಈ ಒಂದು ಷರತ್ತನ್ನು ಪಾಲಿಸುವ ಕೆಲಸವಾಯಿತು.

ಎರಡನೆಯ ಯತ್ನ: ಥರ್ಮಾಮೀಟರು ಹೇಳಿದ ಸತ್ಯ

ಈ ಸಲ ಬಕೆಟ್ಟು. ಸುಮಾರು 25 ಸೆಂಟಿಮೀಟರ್ ವ್ಯಾಸದ ಪೈಂಟ್ ಬಕೆಟ್ಟಿನಲ್ಲಿ 12 ಲೀಟರ್ ನೀರು, ಮೇಲ್ಭಾಗ ತೆರೆದೇ, ಬದಿಗೂ ತಳಕ್ಕೂ ಮೀನಿನ ಪೆಟ್ಟಿಗೆಯಿಂದ ಕತ್ತರಿಸಿದ ತರ್ಮಕೋಲ್. ನೀರಿನೊಳಗೆ ಡಿಎಸ್18ಬಿ20 ಎಂಬ ನೀರುನಿರೋಧಕ ಉಷ್ಣತಾ ಸಂವೇದಕ. ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಶಾಲೆಯ ಆರ್ಡುಯಿನೊ ಎಂಬ ಸಣ್ಣ ಎಲೆಕ್ಟ್ರಾನಿಕ್ಸ್ ಕಿಟ್ಟಿಗೆ ಜೋಡಿಸಬಹುದು, 0.06 ಡಿಗ್ರಿಯಷ್ಟು ಸಣ್ಣ ಬದಲಾವಣೆಯನ್ನೂ ತೋರಿಸುತ್ತದೆ. ಆದರೆ ಅದರ ನಿಖರತೆ ಅರ್ಧ ಡಿಗ್ರಿ ಆಚೀಚೆ ಇರಬಹುದು. ಅದಕ್ಕಾಗಿ ಮೊದಲು ಸಿಹಿನೀರಿನ ಮಂಜುಗಡ್ಡೆಯನ್ನು ಪುಡಿಮಾಡಿ, ಸ್ವಲ್ಪ ಡಿಸ್ಟಿಲ್ಡ್ ವಾಟರ್ ಹಾಕಿ ಕಲಸಿದ ಕೆಸರಿನಲ್ಲಿ ಮುಳುಗಿಸಿ, ಸೊನ್ನೆ ತೋರಿಸುತ್ತದೆಯೇ ಎಂದು ನೋಡಲೇಬೇಕು. ವ್ಯತ್ಯಾಸವಿದ್ದರೆ ಅದನ್ನು ಪ್ರತಿ ಓದಿನಿಂದ ಕಳೆಯಬೇಕು.

ಕಡಲ ನೀರಿನ ಹೆಪ್ಪುಬಿಂದುವಿಗೆ ಒಂದು ಸರಳ ಲೆಕ್ಕವಿದೆ. ಕಿಲೋ ನೀರಿನಲ್ಲಿರುವ ಲವಣದ ಗ್ರಾಂಗಳನ್ನು 0.054ರಿಂದ ಗುಣಿಸಿದರೆ ಸೊನ್ನೆಗಿಂತ ಎಷ್ಟು ಕೆಳಗೆ ಎಂಬುದು ಸಿಗುತ್ತದೆ. ತೆರೆದ ಸಾಗರದ 35 ಗ್ರಾಂಗೆ ಇದು ಮೈನಸ್ 1.9. ಪುಸ್ತಕಗಳಲ್ಲಿ ಕಾಣುವ ಮೈನಸ್ 1.8 ಎಂಬ ಅಂಕೆ ಇದರ ಹತ್ತಿರದ್ದೇ.

ಬಕೆಟ್ಟಿನಲ್ಲಿ ಮಂಜಿನ ಮೊದಲ ಸೂಜಿಗಳು ಕಂಡಾಗ ಸಂವೇದಕ ತೋರಿಸಿದ್ದು ಮೈನಸ್ 0.9. ಸಂವೇದಕ ಕೆಟ್ಟಿದೆ ಎಂದು ಮಕ್ಕಳು ಅದನ್ನು ಬದಲಾಯಿಸಿದರು. ಹೊಸದೂ ಅದನ್ನೇ ಹೇಳಿತು. ಮಂಜಿನ ಕೆಸರಿನಲ್ಲಿ ಎರಡೂ ಸೊನ್ನೆ ತೋರಿಸಿದವು. ಹಾಗಿದ್ದರೆ ತಪ್ಪು ನೀರಿನದ್ದೇ. 0.9ನ್ನು 0.054ರಿಂದ ಭಾಗಿಸಿದರೆ ಸುಮಾರು 17 ಗ್ರಾಂ, ಅಂದರೆ ಕಡಲಿನ ಅರ್ಧ ಉಪ್ಪು.

ನೀರು ತಂದದ್ದು ಜುಲೈಯಲ್ಲಿ, ಶಿರಿಯ ಹೊಳೆಯ ಅಳಿವೆಯ ಹತ್ತಿರದಿಂದ. ಮಳೆಗಾಲದ ಹೊಳೆ ಕೆಂಪು ನೀರನ್ನು ಹೊತ್ತು ತಂದು ಕಡಲಿಗೆ ಸುರಿಯುವ ತಿಂಗಳು ಅದು. ‘ಅಳಿವೆಯ ನೀರು ಕಡಲ ನೀರಾಗುವುದಿಲ್ಲ ಮಕ್ಕಳೇ, ದೋಣಿ ಹೊರಗೆ ಹೋದಾಗ ನಾನು ತಂದುಕೊಡುತ್ತೇನೆ’ ಎಂದು ಮೀನುಗಾರರೊಬ್ಬರು ಹೇಳಿದರು. ಮಳೆ ಬಿಟ್ಟ ಮೇಲೆ, ಅಳಿವೆಯಿಂದ ದೂರ, ದಡದಿಂದ ಹೊರಗೆ ಅವರು ತುಂಬಿಸಿ ತಂದ ಎರಡು ಕ್ಯಾನುಗಳ ನೀರಿನ ಲವಣಾಂಶ 33 ಗ್ರಾಂ ಇತ್ತು.

ಅಳಿವೆಯ ನೀರಿನಿಂದ ಇನ್ನೊಂದು ತೊಂದರೆಯೂ ಆಗಿತ್ತು. ಅದು ಮೊದಲು ಯಾರ ಗಮನಕ್ಕೂ ಬರಲಿಲ್ಲ, ಆದರೆ ಧ್ರುವಸಮುದ್ರವನ್ನು ಅರ್ಥಮಾಡಿಕೊಳ್ಳಲು ಹೆಚ್ಚು ಮುಖ್ಯವಾದದ್ದು ಅದೇ. ಸಿಹಿನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ನಿಲ್ಲುತ್ತದೆ. ಅದರಿಂದ ಕೆರೆಯ ಮೇಲ್ಪದರ ಬೇಗ ಹೆಪ್ಪುಗಟ್ಟುತ್ತದೆ, ಕೆಳಗಿನ ನೀರು ಬೆಚ್ಚಗೇ ಉಳಿಯುತ್ತದೆ. ಉಪ್ಪು ಹೆಚ್ಚಿದಂತೆ ಈ ಗರಿಷ್ಠ ಸಾಂದ್ರತೆಯ ಉಷ್ಣತೆ ಇಳಿಯುತ್ತದೆ. ಲವಣಾಂಶ 24.7 ಗ್ರಾಂ ದಾಟಿದ ಮೇಲೆ ಅದು ಹೆಪ್ಪುಬಿಂದುವಿಗಿಂತಲೂ ಕೆಳಗೆ ಹೋಗಿಬಿಡುತ್ತದೆ. ಆಮೇಲೆ ತಣ್ಣಗಾದ ನೀರು ಯಾವಾಗಲೂ ಭಾರ, ಯಾವಾಗಲೂ ಮುಳುಗುತ್ತದೆ. ಸಮುದ್ರದ ಮೇಲ್ಪದರ ಹೀಗೆ ಮಗುಚುತ್ತ ಮಗುಚುತ್ತ, ಕೆಳಗಿನ ಹೆಚ್ಚು ಉಪ್ಪಿನ ಪದರವೊಂದು ತಡೆಯುವವರೆಗಿನ ಆಳವೆಲ್ಲ ಹೆಪ್ಪುಬಿಂದುವಿಗೆ ಬರಬೇಕು. ಅಲ್ಲಿಯವರೆಗೆ ಮಂಜು ಕಟ್ಟುವುದಿಲ್ಲ. ಧ್ರುವದ ಚಳಿಗಾಲ ಆರಂಭವಾದ ಮೇಲೂ ಸಮುದ್ರ ಬಹಳ ದಿನ ತೆರೆದಿರುವುದಕ್ಕೆ ಇದೊಂದು ಕಾರಣ. 17 ಗ್ರಾಂನ ಅಳಿವೆ ನೀರು 24.7ಕ್ಕಿಂತ ಕೆಳಗಿತ್ತು. ಬಕೆಟ್ಟಿನಲ್ಲಿ ಅದು ಸಮುದ್ರದಂತೆ ನಡೆದುಕೊಳ್ಳದೆ ಕೆರೆಯಂತೆ ನಡೆದುಕೊಂಡಿತು: ಮೇಲೆ ಮಂಜು ಕಟ್ಟಿದ್ದಾಗಲೂ ತಳದ ನೀರು ಸೊನ್ನೆಗಿಂತ ಮೇಲಿತ್ತು.

ಬದಿಯಿಂದ ಸೋರುವ ಚಳಿ

ಮೂರನೆಯ ಯತ್ನದಲ್ಲಿ ನೀರು ಸರಿಯಿತ್ತು, ಪಾತ್ರೆ ಸರಿಯಿರಲಿಲ್ಲ. ಮೇಲೆ ಒಂದು ತಟ್ಟೆಯಂತೆ ಮಂಜು ಕಟ್ಟಿತು, ಜೊತೆಗೆ ಬಕೆಟ್ಟಿನ ಗೋಡೆಗಳ ಮೇಲೂ ಎರಡು ಬೆರಳು ದಪ್ಪ ಮಂಜು ಕಟ್ಟಿತು. ಎರಡಂಗುಲದ ತರ್ಮಕೋಲ್ ಸಾಲದೇ ಎಂಬ ಪ್ರಶ್ನೆಗೆ ಊಹೆಗಿಂತ ಲೆಕ್ಕ ಒಳ್ಳೆಯ ಉತ್ತರ ಕೊಡುತ್ತದೆ.

ಫ್ರೀಜರಿನ ನಿಂತ ಗಾಳಿ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವಾಟ್ ಶಾಖ ಹೊತ್ತೊಯ್ಯುತ್ತದೆ. ಬಕೆಟ್ಟಿನ ಬಾಯಿ 0.05 ಚದರ ಮೀಟರ್, ಉಷ್ಣತೆಯ ವ್ಯತ್ಯಾಸ 16 ಡಿಗ್ರಿ. ಹಾಗಾಗಿ ಮೇಲಿನಿಂದ ಹೋಗುವುದು 8 ವಾಟ್. ಬದಿ ಮತ್ತು ತಳ ಸೇರಿ 0.29 ಚದರ ಮೀಟರ್. ಐದು ಸೆಂಟಿಮೀಟರ್ ತರ್ಮಕೋಲಿನ ಮೂಲಕ ಇಷ್ಟು ವಿಸ್ತಾರದಿಂದ ಸೋರುವುದು 3.3 ವಾಟಿನಷ್ಟು. ಅಂದರೆ ಒಟ್ಟು ಶಾಖದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬದಿಯಿಂದಲೇ ಹೋಗುತ್ತಿತ್ತು. ತರ್ಮಕೋಲನ್ನು ಇನ್ನಷ್ಟು ದಪ್ಪ ಮಾಡಿದರೆ ಸೋರಿಕೆ ಕಡಿಮೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಪಾತ್ರೆ ಫ್ರೀಜರಿನಲ್ಲಿ ಹಿಡಿಸಲೂ ಬೇಕಲ್ಲ.

ಪರಿಹಾರ ಹೀಗಾಯಿತು. ತರ್ಮಕೋಲನ್ನು ಏಳೂವರೆ ಸೆಂಟಿಮೀಟರಿಗೆ ಏರಿಸಿದರು, ಸೋರಿಕೆ 2.2 ವಾಟಿಗೆ ಇಳಿಯಿತು. ಅಷ್ಟೇ ಶಾಖವನ್ನು ತಳದಿಂದ ಹಿಂದಕ್ಕೆ ಕೊಡಲು ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟಿಗೆ 10 ಓಮಿನ, 5 ವಾಟ್ ತಾಳುವ ಸಿರಾಮಿಕ್ ರೆಸಿಸ್ಟರ್ ಒಂದನ್ನು ಜೋಡಿಸಿದರು. ಅದು ಕೊಡುವ ಶಾಖ 2.5 ವಾಟ್. ರೆಸಿಸ್ಟರನ್ನೂ ತಂತಿಯ ಬೆಸುಗೆಯನ್ನೂ ಸಿಲಿಕಾನ್ ಅಂಟಿನಿಂದ ಪೂರ್ತಿ ಮುಚ್ಚಬೇಕು. ಉಪ್ಪುನೀರು ತಗಲಿದರೆ ತಾಮ್ರ ಬೇಗ ಹಸಿರುಗಟ್ಟಿ ತುಂಡಾಗುತ್ತದೆ. ಕರೆಂಟಿನ ಪ್ಲಗ್ಗು ಮತ್ತು ಚಾರ್ಜರು ಫ್ರೀಜರಿನ ಹೊರಗೇ ಇರಬೇಕು, ಒಳಗೆ ಹೋಗುವುದು 5 ವೋಲ್ಟಿನಂಥ ಕಡಿಮೆ ವೋಲ್ಟಿನ ತಂತಿ ಮಾತ್ರ. ಮಕ್ಕಳು ಕೈಯಾಡಿಸುವ ಕಡೆ ಈ ನಿಯಮದಲ್ಲಿ ರಾಜಿ ಬೇಡ.

ಇನ್ನೊಂದು ಎಡವಟ್ಟೂ ಇದೇ ಹೊತ್ತಿಗೆ ಕಂಡಿತು. ಮಂಜಿನ ತಟ್ಟೆ ಬಕೆಟ್ಟಿನ ಗೋಡೆಗೆ ಅಂಟಿ ಬಿಗಿಮುಚ್ಚಳದಂತೆ ಕೂತಿತ್ತು. ನೀರು ಮಂಜಾಗುವಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಕೆಳಗಿನ ನೀರಿಗೆ ಹೋಗಲು ಜಾಗವಿಲ್ಲದೆ ಒತ್ತಡ ಏರಿತು, ಉಪ್ಪುನೀರು ಮಂಜಿನ ಸಂದುಗಳಿಂದಲೇ ಮೇಲಕ್ಕೆ ಚಿಮ್ಮಿ ತಟ್ಟೆಯ ಮೇಲೆಲ್ಲ ಒದ್ದೆ ಕೆಸರಾಯಿತು. ಅಂಟಾರ್ಕ್ಟಿಕದಲ್ಲೂ ಇಂಥದ್ದು ನಡೆಯುತ್ತದೆ, ಕಾರಣ ಮಾತ್ರ ಬೇರೆ: ಮೇಲೆ ಬಿದ್ದ ಹಿಮದ ಭಾರಕ್ಕೆ ಮಂಜುಹಾಸು ನೀರಿನ ಮಟ್ಟಕ್ಕಿಂತ ಕೆಳಗೆ ಕುಸಿದಾಗ ಸಮುದ್ರದ ನೀರು ಮೇಲೇರಿ ಹಿಮವನ್ನು ನೆನೆಸಿ ಅಲ್ಲೇ ಹೆಪ್ಪುಗಟ್ಟುತ್ತದೆ. ದಕ್ಷಿಣ ಸಾಗರದ ಮಂಜಿನಲ್ಲಿ ಹೀಗೆ ಮೇಲಿನಿಂದ ಸೇರಿಕೊಂಡ ಪದರ ಸಾಮಾನ್ಯ. ಬಕೆಟ್ಟಿನಲ್ಲಿ ಇದನ್ನು ತಪ್ಪಿಸಲು ಗೋಡೆಗೆ ತಾಗಿಸಿ ಅರ್ಧ ಇಂಚಿನ ಪಿವಿಸಿ ಪೈಪು ನಿಲ್ಲಿಸಿ, ರೆಸಿಸ್ಟರಿನ ತಂತಿಯನ್ನು ಅದರೊಳಗಿಂದಲೇ ಇಳಿಸಿದರು. ತಳದಲ್ಲಿ ಬೆಚ್ಚಗಾದ ನೀರು ಪೈಪಿನೊಳಗೆ ಮೇಲೇರುತ್ತ ಅದನ್ನು ಮಂಜು ಕಟ್ಟದಂತೆ ಕಾಯಿತು, ಹೆಚ್ಚಾದ ನೀರು ಅದರಲ್ಲಿ ಏರಿತು.

ನಾಲ್ಕನೆಯ ಯತ್ನ: ಕೈಗೆ ಬಂದ ಮಂಜು

ನೀರನ್ನು ಪಂಚೆಯ ಬಟ್ಟೆಯಲ್ಲಿ ಎರಡು ಮಡಿಕೆ ಹಾಕಿ ಸೋಸಿ, ಮೊದಲು ಮಾಮೂಲಿ ಫ್ರಿಜ್ಜಿನಲ್ಲಿ 4 ಡಿಗ್ರಿಗೆ ತಂದರು. 12 ಲೀಟರನ್ನು 28 ಡಿಗ್ರಿಯಿಂದ ನೇರ ಫ್ರೀಜರಿಗಿಟ್ಟರೆ ಹೆಪ್ಪುಬಿಂದು ಮುಟ್ಟಲಿಕ್ಕೇ ಒಂದು ದಿನಕ್ಕಿಂತ ಹೆಚ್ಚು ಬೇಕು. ಫ್ರೀಜರಿನಲ್ಲಿಟ್ಟ ಮೇಲೆ ಉಷ್ಣತೆ ಮೈನಸ್ 1.8ಕ್ಕಿಂತ ತುಸು ಕೆಳಗಿಳಿದು, ಮೊದಲ ಹರಳು ಹುಟ್ಟಿದ ಕೂಡಲೇ ಮೈನಸ್ 1.8ಕ್ಕೆ ಜಿಗಿದು ನಿಂತಿತು. ಹರಳು ಹುಟ್ಟುವಾಗ ಬಿಟ್ಟುಕೊಟ್ಟ ಶಾಖವೇ ಆ ಜಿಗಿತಕ್ಕೆ ಕಾರಣ.

ಮೇಲ್ಮೈ ಮೊದಲು ಎಣ್ಣೆ ಚೆಲ್ಲಿದಂತೆ ಮಂಕಾಯಿತು. ನೀರಿನಲ್ಲಿ ತೇಲುವ ಸೂಜಿ, ಬಿಲ್ಲೆಗಳಂಥ ಹರಳುಗಳ ಈ ಹಂತಕ್ಕೆ ಧ್ರುವ ನಾವಿಕರು ಗ್ರೀಸ್ ಮಂಜು ಎನ್ನುತ್ತಾರೆ. ತೆರೆದ ಸಮುದ್ರದಲ್ಲಿ ಅಲೆ ಇದ್ದರೆ ಇದು ಅಂಚು ಮೇಲೆದ್ದ ದುಂಡು ಬಿಲ್ಲೆಗಳಾಗುತ್ತದೆ, ಅಲೆ ಇಲ್ಲದಿದ್ದರೆ ನಿಲಾಸ್ ಎಂಬ ಕಪ್ಪು ಹಾಸಾಗುತ್ತದೆ. ಹತ್ತು ಸೆಂಟಿಮೀಟರಿನೊಳಗಿನ ನಿಲಾಸ್ ಮುರಿಯದೆ ಅಲೆಯೊಂದಿಗೆ ಬಾಗುತ್ತದೆ. ಸಿಹಿನೀರಿನ ಮಂಜು ಹಾಗೆ ಬಾಗುವುದಿಲ್ಲ. ಬಕೆಟ್ಟಿನ ಮೊದಲ ಸೆಂಟಿಮೀಟರ್ ಮಂಜನ್ನು ಬೆರಳಿನಿಂದ ಒತ್ತಿದಾಗ ಅದು ತಗ್ಗಿ ಮತ್ತೆ ಮೇಲೆದ್ದದ್ದನ್ನು ಮಕ್ಕಳು ಕಣ್ಣಾರೆ ಕಂಡರು. ಒಳಗಿನ ಬ್ರೈನ್ ಪದರಗಳೇ ಈ ಮೆದುತನವನ್ನು ಕೊಡುತ್ತವೆ.

ಒಂದೂವರೆ ದಿನದಲ್ಲಿ 6 ಸೆಂಟಿಮೀಟರ್ ಮಂಜು ಬೆಳೆಯಿತು. ಅದನ್ನು ಕರಗಿಸಿ ಅಳೆದಾಗ ಲವಣಾಂಶ ಸುಮಾರು 12 ಗ್ರಾಂ. ಉಳಿದ ನೀರಿನದ್ದು 39ಕ್ಕೆ ಏರಿತ್ತು. ಇದು ಸರಿಯೇ ಎಂದು ಉಪ್ಪಿನ ಜಮಾಖರ್ಚು ಹಾಕಿ ನೋಡಬಹುದು. ಆರಂಭದಲ್ಲಿ 12.3 ಕಿಲೋ ನೀರಿನಲ್ಲಿ 406 ಗ್ರಾಂ ಉಪ್ಪು. ಮಂಜು 2.7 ಕಿಲೋ, ಅದರಲ್ಲಿ ಉಳಿದದ್ದು 32 ಗ್ರಾಂ. ಬಾಕಿ 374 ಗ್ರಾಂ 9.6 ಕಿಲೋ ನೀರಿನಲ್ಲಿ ಹಂಚಿಹೋದರೆ ಕಿಲೋಗೆ 39. ಸಂವೇದಕವೂ ಕೊನೆಗೆ ಮೈನಸ್ 2.1 ತೋರಿಸುತ್ತಿತ್ತು. 39ನ್ನು 0.054ರಿಂದ ಗುಣಿಸಿದರೆ ಬರುವುದೂ ಅದೇ. ಎರಡು ಬೇರೆ ಬೇರೆ ಉಪಕರಣಗಳು ಒಂದೇ ಉತ್ತರ ಕೊಟ್ಟಾಗ ಪ್ರಯೋಗದ ಮೇಲೆ ಭರವಸೆ ಇಡಬಹುದು. ಮೇಳದ ಫಲಕದಲ್ಲಿ ಈ ಜಮಾಖರ್ಚಿಗೆ ಎಲ್ಲಕ್ಕಿಂತ ದೊಡ್ಡ ಜಾಗ ಕೊಡಬೇಕಿತ್ತು. ಪೆಂಗ್ವಿನ್ ಚಿತ್ರಕ್ಕೆ ಕೊಟ್ಟದ್ದು ಬೇಸರದ ಸಂಗತಿ.

ಅಳತೆಯ ಬಗ್ಗೆ ಒಂದಿಷ್ಟು. ಕುಡಿಯುವ ನೀರಿನಲ್ಲಿ ಕರಗಿದ ಲವಣ ನೋಡಲು ಬಳಸುವ ಟಿಡಿಎಸ್ ಮೀಟರ್ ಕಡಲ ನೀರಿನಲ್ಲಿ ಅಳತೆ ಮೀರಿ ಕೈಚೆಲ್ಲುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಒಂದಕ್ಕೆ ಇಪ್ಪತ್ತರಷ್ಟು ತೆಳುಮಾಡಿ ಅಳೆಯಬೇಕು. ಆ ಮೀಟರು ವಿದ್ಯುತ್‌ವಾಹಕತೆಯನ್ನು ಅಳೆದು ಒಂದು ಗುಣಕದಿಂದ ಲವಣಕ್ಕೆ ಬದಲಿಸುತ್ತದೆ, ಗುಣಕ ಕಂಪನಿಯಿಂದ ಕಂಪನಿಗೆ ಬೇರೆ. ಅದರ ನೇರ ಅಂಕೆಯನ್ನು ನಂಬದೆ, ಮಂಜಿನ ನೀರಿಗೂ ಮೂಲ ನೀರಿಗೂ ಇರುವ ಅನುಪಾತವನ್ನು ಮಾತ್ರ ತೆಗೆದುಕೊಳ್ಳಬೇಕು. ಮೂಲ ನೀರಿನ ಲವಣಾಂಶ ಹೆಪ್ಪುಬಿಂದುವಿನಿಂದ ಗೊತ್ತಾಗುತ್ತದೆ. ಇನ್ನೊಂದು ಎಚ್ಚರಿಕೆ ಮಂಜನ್ನು ಎತ್ತುವಾಗ: ತಟ್ಟೆಯನ್ನು ಮೇಲೆತ್ತಿದ ಕ್ಷಣದಿಂದ ಅದರ ಕೆಳಭಾಗದಿಂದ ಬ್ರೈನ್ ತೊಟ್ಟಿಕ್ಕುತ್ತದೆ. ಹಿಡಿದುಕೊಂಡು ಮಾತಾಡುತ್ತ ನಿಂತರೆ ಅಳತೆ ಕಡಿಮೆ ಬರುತ್ತದೆ. ಧ್ರುವದಲ್ಲಿ ಮಂಜಿನ ತಿರುಳನ್ನು, ಅಂದರೆ ಕಂಬದಂಥ ಮಾದರಿಯನ್ನು, ಕೊರೆದು ತೆಗೆಯುವವರಿಗೂ ಇದೇ ತಲೆನೋವು. 9 ಸೆಂಟಿಮೀಟರ್ ವ್ಯಾಸದ ಕೊರೆಗೊಳವೆಯಿಂದ ತಿರುಳು ಹೊರಬಂದ ಕೂಡಲೇ ಸಣ್ಣ ರಂಧ್ರ ಮಾಡಿ ಉಷ್ಣತೆ ನೋಡುತ್ತಾರೆ, ಗರಗಸದಿಂದ ಹತ್ತು ಸೆಂಟಿಮೀಟರಿನ ತುಂಡು ಮಾಡಿ ಮುಚ್ಚಳದ ಡಬ್ಬಿಗೆ ಹಾಕುತ್ತಾರೆ, ಲವಣಾಂಶವನ್ನು ಕರಗಿದ ಮೇಲೆ ಅಳೆಯುತ್ತಾರೆ.

ಉಳಿದ 12 ಗ್ರಾಂ ಎಲ್ಲಿದೆ?

ಮಂಜಿನ ಹರಳು ಉಪ್ಪನ್ನು ಹೊರಹಾಕುತ್ತದೆ ಎಂದಾದರೆ 12 ಗ್ರಾಂ ಉಳಿದದ್ದೇಕೆ? ಕಡಲ ಮಂಜಿನ ತಳ ಸಮತಟ್ಟಾಗಿರುವುದಿಲ್ಲ. ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಅಂತರದಲ್ಲಿ ತೆಳು ಹಲಗೆಗಳಂತೆ ಸಾಲುಸಾಲಾಗಿ ಅದು ಕೆಳಗೆ ಚಾಚುತ್ತದೆ. ಹಲಗೆಗಳ ನಡುವೆ ಬ್ರೈನ್ ಸಿಕ್ಕಿಕೊಳ್ಳುತ್ತದೆ. ಬೇಗ ಬೆಳೆದ ಮಂಜಿನಲ್ಲಿ ಹೆಚ್ಚು, ನಿಧಾನ ಬೆಳೆದದ್ದರಲ್ಲಿ ಕಡಿಮೆ. ಮುಂದೆ ಈ ಸಂದುಗಳು ಕೂಡಿಕೊಂಡು ಕಾಲುವೆಗಳಾಗುತ್ತವೆ, ಅವುಗಳ ಮೂಲಕ ಉಪ್ಪು ತಿಂಗಳುಗಟ್ಟಲೆ ಇಳಿಯುತ್ತಲೇ ಇರುತ್ತದೆ. ಚಳಿಗಾಲದ ಕೊನೆಗೆ ಮೊದಲ ವರ್ಷದ ಮಂಜಿನಲ್ಲಿ ಕಿಲೋಗೆ 4ರಿಂದ 6 ಗ್ರಾಂ ಉಳಿಯುತ್ತದೆ. ಬೇಸಿಗೆಯೊಂದನ್ನು ದಾಟಿದರೆ ಕರಗಿದ ಹಿಮದ ನೀರು ಮೇಲಿನಿಂದ ತೊಳೆದು ನೀರಿನ ಮಟ್ಟಕ್ಕಿಂತ ಮೇಲಿನ ಭಾಗ ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಆರ್ಕ್ಟಿಕ್ ಪ್ರಯಾಣಿಕರು ಕುಡಿಯುವ ನೀರಿಗೆ ಹೊಸ ಮಂಜನ್ನು ಬಿಟ್ಟು, ಅಂಚು ಸವೆದ ನೀಲಿ ಛಾಯೆಯ ಹಳೆಯ ದಿಬ್ಬಗಳನ್ನು ಹುಡುಕುತ್ತಿದ್ದದ್ದು ಇದಕ್ಕೇ.

ತೇಲುವ ಹಿಮಗುಡ್ಡದ ಕತೆ ಬೇರೆ. ಅದು ನೆಲದ ಮೇಲೆ ಬಿದ್ದ ಹಿಮ ಒತ್ತಿ ಆದದ್ದು, ಹುಟ್ಟಿನಿಂದಲೇ ಸಿಹಿ. 1773ರ ಜನವರಿಯಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ತನ್ನ ರೆಸಲ್ಯೂಷನ್ ಹಡಗಿಗೆ ದಕ್ಷಿಣ ಸಾಗರದ ತೇಲುಮಂಜನ್ನು ಎತ್ತಿಸಿ ಕರಗಿಸಿ ಒಳ್ಳೆಯ ಕುಡಿನೀರು ಪಡೆದ. ಅದೇ ತಿಂಗಳ 17ರಂದು ಅಂಟಾರ್ಕ್ಟಿಕ ವೃತ್ತವನ್ನು ದಾಟಿದ. ಮೇಳದ ಫಲಕದಲ್ಲಿ ಹಿಮಗುಡ್ಡವನ್ನೂ ಕಡಲ ಮಂಜನ್ನೂ ಒಂದೇ ಹೆಸರಿನಲ್ಲಿ ಬರೆದಿದ್ದರು. ಅದನ್ನು ತಿದ್ದಿಸಬೇಕಾಯಿತು.

ಬ್ರೈನ್ ಕಾಲುವೆಗಳನ್ನು ಕಣ್ಣಿಗೆ ಕಾಣಿಸಲು ಬಣ್ಣ ಬಳಸಿದರು. ಇಲ್ಲೂ ಒಂದು ಸೂಕ್ಷ್ಮವಿದೆ. ಬಣ್ಣ ಕಲಸಿದ ಸಿಹಿನೀರನ್ನು ಮಂಜಿನ ಮೇಲೆ ಹುಯ್ದರೆ ಅದು ಕಾಲುವೆಯೊಳಗೆ ಇಳಿದ ಕೂಡಲೇ ಹೆಪ್ಪುಗಟ್ಟಿ ಬಾಯಿ ಮುಚ್ಚಿಬಿಡುತ್ತದೆ. ಬೆಚ್ಚಗಿನ ಉಪ್ಪುನೀರಾದರೆ ಕಾಲುವೆಯನ್ನೇ ಕರಗಿಸಿ ಅಗಲ ಮಾಡುತ್ತದೆ. ಮಂಜಿನಷ್ಟೇ ತಣ್ಣಗಿರುವ, ಆ ಉಷ್ಣತೆಯಲ್ಲಿ ಹೆಪ್ಪುಗಟ್ಟದಷ್ಟು ಉಪ್ಪಿರುವ ದ್ರಾವಣವೇ ಬೇಕು. ಮೈನಸ್ 5ರ ಮಂಜಿಗೆ ಲೀಟರಿಗೆ 90 ಗ್ರಾಂ ಉಪ್ಪು ಹಾಕಿದರೆ ಸಾಕಾಯಿತು. ಆರ್ಕ್ಟಿಕ್ ಬೇಸಿಗೆಯಲ್ಲಿ ಮಂಜಿನ ಮೇಲೆ ಕರಗುನೀರಿನ ಕೊಳಗಳು ಸೋರಿಹೋಗದೆ ನಿಲ್ಲುವುದರ ಹಿಂದೆ ಇರುವುದೂ ಸಿಹಿನೀರು ಸಂದುಗಳೊಳಗೆ ಮರಳಿ ಹೆಪ್ಪುಗಟ್ಟುವ ಈ ಗುಣವೇ.

ಬಣ್ಣ ಇಳಿಯುವುದಕ್ಕೆ ಉಷ್ಣತೆಯ ಒಂದು ಗಡಿಯೂ ಇದೆ. ಲವಣಾಂಶ 5 ಗ್ರಾಂ ಇರುವ ಮಂಜು ಮೈನಸ್ 5 ಡಿಗ್ರಿಯಲ್ಲಿ ತನ್ನ ಗಾತ್ರದ ಶೇಕಡ 5ರಷ್ಟು ಬ್ರೈನ್ ಹೊಂದಿರುತ್ತದೆ. ಅದಕ್ಕಿಂತ ತಣ್ಣಗಾದರೆ ಸಂದುಗಳು ಬಿಡಿಬಿಡಿಯಾಗಿ ಮಂಜು ನೀರು ಬಿಡದಂತಾಗುತ್ತದೆ, ಬೆಚ್ಚಗಾದರೆ ಅವು ಕೂಡಿಕೊಂಡು ದ್ರವ ಹರಿಯುತ್ತದೆ. 1998ರಲ್ಲಿ ಗಣಿತಜ್ಞ ಕೆನೆತ್ ಗೋಲ್ಡನ್ ಮತ್ತು ಸಂಗಡಿಗರು ಇದನ್ನು ಗಣಿತದ ಮೂಲಕ ವಿವರಿಸಿದರು. ಪ್ರಯೋಗದ ನಡುವೆ ಒಂದು ಮಧ್ಯಾಹ್ನ ಕರೆಂಟು ಗಂಟೆಗಟ್ಟಲೆ ಹೋದಾಗ ಮಂಜು ಬೆಚ್ಚಗಾಗಿ ಅದರ ಲವಣಾಂಶ ತಟ್ಟನೆ ಇಳಿದದ್ದನ್ನು ಮಕ್ಕಳು ಹಾಳಾಯಿತೆಂದು ಬಿಡಲು ಹೊರಟಿದ್ದರು. ಅದು ಬಿಸಾಡುವ ಅಂಕೆಯಲ್ಲ. ಧ್ರುವದ ವಸಂತದಲ್ಲಿ ನಡೆಯುವುದು ಅದೇ.

ಈ ಸಂದುಗಳಲ್ಲಿ ಜೀವವಿದೆ. ಡಯಾಟಮ್ ಮುಂತಾದ ಸೂಕ್ಷ್ಮ ಪಾಚಿಗಳು ಮಂಜಿನ ತಳಭಾಗದ ಬ್ರೈನಿನಲ್ಲಿ ಬೆಳೆದು ಅದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತವೆ. ದಕ್ಷಿಣದಲ್ಲಿ ಕ್ರಿಲ್ ಎಂಬ ಸೀಗಡಿಯಂಥ ಸಣ್ಣ ಜೀವಿಯ ಮರಿಗಳು ಚಳಿಗಾಲದಲ್ಲಿ ಆ ಪಾಚಿಯನ್ನು ಕೆರೆದು ತಿನ್ನುತ್ತವೆ, ಕ್ರಿಲ್‌ನ್ನು ಪೆಂಗ್ವಿನ್, ಸೀಲ್, ತಿಮಿಂಗಿಲಗಳು ತಿನ್ನುತ್ತವೆ. ಫಲಕದ ಪೆಂಗ್ವಿನ್ನಿಗೂ ಬಕೆಟ್ಟಿನ ಬ್ರೈನಿಗೂ ಸಂಬಂಧ ತೋರಿಸಲು ಇದೊಂದು ದಾರಿಯಿತ್ತು.

ಇಳಿದುಹೋದ ಉಪ್ಪಿನ ಕತೆ ಇನ್ನೂ ದೊಡ್ಡದು. ದಡದಿಂದ ಬೀಸುವ ಗಾಳಿ ಹೊಸ ಮಂಜನ್ನು ಆಚೆ ತಳ್ಳುತ್ತಲೇ ಇರುವ ಕಡೆಗಳಲ್ಲಿ ಚಳಿಗಾಲವಿಡೀ ಮಂಜು ಕಟ್ಟುತ್ತದೆ, ಬ್ರೈನ್ ಇಳಿಯುತ್ತಲೇ ಇರುತ್ತದೆ. ವೆಡೆಲ್ ಸಮುದ್ರ, ರಾಸ್ ಸಮುದ್ರಗಳಲ್ಲಿ ಹೀಗೆ ಭಾರವಾದ ನೀರು ಸಾಗರದ ತಳಕ್ಕೆ ಜಾರಿ ಉತ್ತರದ ಕಡೆ ಹರಡುತ್ತದೆ. ಪೂರ್ವ ಅಂಟಾರ್ಕ್ಟಿಕದ ಕೇಪ್ ಡಾರ್ನ್ಲಿಯ ಬಳಿಯೂ ಇಂಥ ನೀರು ಹುಟ್ಟುತ್ತದೆಂದು 2013ರಲ್ಲಿ ಪ್ರಕಟವಾಯಿತು. ಭಾರತದ ‘ಭಾರತಿ’ ನೆಲೆ ಇರುವ ಲಾರ್ಸ್‌ಮನ್ ಬೆಟ್ಟಗಳು ಅದೇ ಕರಾವಳಿಯ ಪ್ರಿಡ್ಜ್ ಕೊಲ್ಲಿಯ ದಂಡೆಯಲ್ಲಿವೆ. ಅಂಟಾರ್ಕ್ಟಿಕದ ಸುತ್ತ ಮಂಜು ಸೆಪ್ಟೆಂಬರಿನಲ್ಲಿ ಸಾಮಾನ್ಯವಾಗಿ 180 ಲಕ್ಷ ಚದರ ಕಿಲೋಮೀಟರ್ ದಾಟಿ, ಫೆಬ್ರವರಿಯಲ್ಲಿ 30 ಲಕ್ಷದ ಆಸುಪಾಸಿಗೆ ಕುಗ್ಗುತ್ತದೆ. 2023ರ ಫೆಬ್ರವರಿಯಲ್ಲಿ ಅದು 18 ಲಕ್ಷಕ್ಕೆ ಇಳಿಯಿತು, ಆ ವರ್ಷದ ಸೆಪ್ಟೆಂಬರಿನಲ್ಲೂ 170 ಲಕ್ಷವನ್ನು ಮುಟ್ಟಲಿಲ್ಲ. ಉಪಗ್ರಹ ದಾಖಲೆಯಲ್ಲಿ ಎರಡೂ ಆವರೆಗಿನ ಅತಿ ಕಡಿಮೆ.

ತೀರ್ಪುಗಾರರ ಪ್ರಶ್ನೆ

ಮೇಳದಲ್ಲಿ ತೀರ್ಪುಗಾರರೊಬ್ಬರು ಕೇಳಿದ್ದು ಒಳ್ಳೆಯ ಪ್ರಶ್ನೆ. ಬಕೆಟ್ಟಿನಲ್ಲಿ ದಿನಕ್ಕೆ 4 ಸೆಂಟಿಮೀಟರ್ ಬೆಳೆಯುವುದಾದರೆ, ಇನ್ನೂ ಚಳಿಯಿರುವ ಧ್ರುವದಲ್ಲಿ ಆರು ತಿಂಗಳಿಗೆ ಏಳು ಮೀಟರ್ ಆಗಬೇಕಲ್ಲ? ಮಕ್ಕಳಿಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಮಂಜಿನ ದಪ್ಪದಲ್ಲೇ ಇದೆ. ಹೊಸ ಮಂಜು ಹುಟ್ಟುವುದು ತಳದಲ್ಲಿ. ಅಲ್ಲಿಯ ಶಾಖ ಮೇಲಿನ ಗಾಳಿಗೆ ತಲುಪಬೇಕಾದರೆ ಇಡೀ ಮಂಜನ್ನು ದಾಟಬೇಕು. ಮಂಜು ದಪ್ಪವಾದಷ್ಟೂ ಅದೇ ಅಡ್ಡಗೋಡೆಯಾಗುತ್ತದೆ. ಬಕೆಟ್ಟಿನಲ್ಲಿ ಆರು ಸೆಂಟಿಮೀಟರ್ ಮಂಜಿಗಿಂತ ಅದರ ಮೇಲಿನ ನಿಂತ ಗಾಳಿಯ ಪದರದ ತಡೆಯೇ ಹೆಚ್ಚು, ಹಾಗಾಗಿ ಬೆಳವಣಿಗೆ ಒಂದೇ ವೇಗದಲ್ಲಿ ಕಂಡಿತು. ಸಮುದ್ರದಲ್ಲಿ ದಪ್ಪವು ಕಾಲದ ವರ್ಗಮೂಲದಂತೆ ಬೆಳೆಯುತ್ತದೆ: ದಪ್ಪ ಇಮ್ಮಡಿಯಾಗಲು ನಾಲ್ಕು ಪಟ್ಟು ದಿನ ಬೇಕು. ಮೇಲ್ಮೈ ಸರಾಸರಿ ಮೈನಸ್ 27 ಡಿಗ್ರಿ ಇದ್ದರೆ 200 ದಿನಕ್ಕೆ ಲೆಕ್ಕದ ಪ್ರಕಾರ ಎರಡೂವರೆ ಮೀಟರ್. ಹಿಮದ ಹೊದಿಕೆ ಮತ್ತು ಕೆಳಗಿನ ನೀರಿನ ಶಾಖ ಸೇರಿ ಅದನ್ನು ಇನ್ನೂ ಇಳಿಸುವುದರಿಂದ ಆರ್ಕ್ಟಿಕ್‌ನ ಮೊದಲ ವರ್ಷದ ಮಂಜು ಎರಡು ಮೀಟರಿನ ಹತ್ತಿರ ನಿಲ್ಲುತ್ತದೆ.

ಅದಕ್ಕಿಂತ ದಪ್ಪದ ಮಂಜು ಬಹುಪಾಲು ಹೆಪ್ಪುಗಟ್ಟಿ ಬಂದದ್ದಲ್ಲ, ಗಾಳಿ ಮತ್ತು ಪ್ರವಾಹಗಳು ಹಾಸುಗಳನ್ನು ಒಂದರ ಮೇಲೊಂದು ಒಟ್ಟಿ ಮಾಡಿದ್ದು. ಹಡಗುಗಳನ್ನು ಮುರಿಯುವುದು ಈ ಒತ್ತಡವೇ. ಬ್ರಿಟಿಷ್ ಅನ್ವೇಷಕ ಶ್ಯಾಕಲ್ಟನ್ನನ ಹಡಗು ಎಂಡ್ಯೂರೆನ್ಸ್ 1915ರ ಜನವರಿಯಲ್ಲಿ ವೆಡೆಲ್ ಸಮುದ್ರದ ಮಂಜಿನಲ್ಲಿ ಸಿಕ್ಕಿತು, ಅಕ್ಟೋಬರಿನಲ್ಲಿ ಅದನ್ನು ಬಿಟ್ಟು ಇಳಿಯಬೇಕಾಯಿತು, ನವೆಂಬರ್ 21ರಂದು ಮುಳುಗಿತು. 2022ರ ಮಾರ್ಚಿನಲ್ಲಿ 3,008 ಮೀಟರ್ ಆಳದಲ್ಲಿ ಸಿಕ್ಕಿತು. ಎಂಡ್ಯೂರೆನ್ಸ್ ಮುಳುಗುವುದಕ್ಕೆ ಎರಡು ದಶಕ ಮೊದಲೇ ನಾರ್ವೆಯ ಅನ್ವೇಷಕ ನಾನ್ಸೆನ್ ಈ ಒತ್ತಡಕ್ಕೆ ಉತ್ತರ ಹುಡುಕಿದ್ದ. ಕಾಲಿನ್ ಆರ್ಚರ್ ಕಟ್ಟಿದ ಫ್ರಾಮ್ ಹಡಗಿನ ಒಡಲು ದುಂಡಗಿತ್ತು, ಮಂಜು ಹಿಸುಕಿದಾಗ ಹಿಡಿತಕ್ಕೆ ಸಿಗದೆ ಮೇಲೇಳುವಂತೆ. 1893ರಿಂದ 1896ರವರೆಗೆ ಆರ್ಕ್ಟಿಕ್ ಮಂಜಿನೊಂದಿಗೆ ತೇಲಿ ಅದು ಇಡಿಯಾಗಿ ಹೊರಬಂತು.

ಮುಂದಿನ ತಂಡ ಇದೇ ಬಕೆಟ್ಟಿನಲ್ಲಿ ತೀರ್ಪುಗಾರರ ಪ್ರಶ್ನೆಗೆ ಉತ್ತರ ತೋರಿಸಬಹುದು. ಮಂಜು ಮೂರು ಸೆಂಟಿಮೀಟರ್ ಆದ ಮೇಲೆ ಮೇಲ್ಭಾಗದ ಅರ್ಧಕ್ಕೆ ಫ್ರೀಜರಿನ ಗೋಡೆಯಿಂದ ಕೆರೆದ ಹಿಮವನ್ನು ಎರಡು ಸೆಂಟಿಮೀಟರ್ ದಪ್ಪಕ್ಕೆ, ಒತ್ತದೆ, ಹರಡಬೇಕು. ಇನ್ನರ್ಧ ಬರಿದಾಗಿರಲಿ. ಅಂಥ ಸಡಿಲ ಹಿಮ ಮಂಜುಗಡ್ಡೆಯ ಹತ್ತನೆಯ ಒಂದು ಭಾಗದಷ್ಟು ಶಾಖವನ್ನೂ ಸಾಗಿಸುವುದಿಲ್ಲ. ಗಾಳಿ ಅಲ್ಲಾಡುತ್ತಿದ್ದರೆ ಮೇಲಿನ ನಿಂತ ಪದರ ತೆಳುವಾಗಿ ವ್ಯತ್ಯಾಸ ಇನ್ನಷ್ಟು ಎದ್ದು ಕಾಣುತ್ತದೆ, ಅದಕ್ಕಾಗಿ ಕಂಪ್ಯೂಟರಿನ 12 ವೋಲ್ಟಿನ ಸಣ್ಣ ಫ್ಯಾನನ್ನು ಬಕೆಟ್ಟಿನ ಬದಿಯಲ್ಲಿ, ಹಿಮವನ್ನು ಹಾರಿಸದಷ್ಟು ದೂರದಲ್ಲಿ ಇಡಬಹುದು. ಒಂದು ದಿನದ ನಂತರ ತಟ್ಟೆಯನ್ನು ನಡುವೆ ಗರಗಸದಿಂದ ಕೊಯ್ದು ಎರಡೂ ಬದಿಯ ದಪ್ಪವನ್ನು ಸ್ಕೇಲಿನಿಂದ ಅಳೆದು ಫಲಕದಲ್ಲಿ ಬರೆದರಾಯಿತು.